ಮೊಯಾಮೊಯಾ ಬೈಪಾಸ್ ಆದ ಮೇಲಿನ ವರ್ಷಗಳು: ಕಲಬುರಗಿ, ಬೀದರ್, ಯಾದಗಿರಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಲಕ್ವಾ ಹೊಡೆದವರಿಗೆ ಫಿಜಿಯೋಥೆರಪಿ ಕೊಡುವುದು ನನ್ನ ಕೆಲಸ. ಊರು ಕಲಬುರಗಿ. ಬೆಂಗಳೂರಲ್ಲೋ ಹೈದರಾಬಾದಿನಲ್ಲೋ ಮೊಯಾಮೊಯಾಕ್ಕೆ ಮೆದುಳಿನ ಬೈಪಾಸ್ ಮಾಡಿಸಿಕೊಂಡು ಬಂದವರು ಆಗಾಗ ನಮ್ಮಲ್ಲಿಗೆ ಬರುತ್ತಾರೆ. ಆಪರೇಷನ್ ಬಗ್ಗೆ ಅವರಿಗೆ ಅಲ್ಲಿ ಸಾಕಷ್ಟು ಹೇಳಿರುತ್ತಾರೆ. ಮುಂದಿನ ಹತ್ತಿಪ್ಪತ್ತು ವರ್ಷ ಹೇಗೆ ಅನ್ನುವ ಪ್ರಶ್ನೆಗಳು ಏಳುವುದು ಮನೆಗೆ ಬಂದ ಮೇಲೆ. ಅಂಥ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಇದು ದೊಡ್ಡವರಿಗಾಗಿ ಬರೆದದ್ದು, ಮಕ್ಕಳ ಲೆಕ್ಕ ಬೇರೆ. ಗುಳಿಗೆ, ಡೋಸು, ಸ್ಕ್ಯಾನ್ ಇವನ್ನೆಲ್ಲ ನಿಮ್ಮ ನರರೋಗ ವೈದ್ಯರೇ ಗೊತ್ತು ಮಾಡಬೇಕು.

ಮೊಯಾಮೊಯಾ ಅಂದ್ರೆ ಏನು ಕಾಯಿಲೆ?

ಕುತ್ತಿಗೆಯ ಎರಡೂ ಬದಿಯಿಂದ ಮೆದುಳಿಗೆ ರಕ್ತ ಒಯ್ಯುವ ಎರಡು ದೊಡ್ಡ ರಕ್ತನಾಳಗಳಿವೆ. ಇವಕ್ಕೆ ಕ್ಯಾರೋಟಿಡ್ ಅನ್ನುತ್ತಾರೆ. ತಲೆಬುರುಡೆಯ ಒಳಗೆ, ಅವು ಕವಲೊಡೆಯುವ ಜಾಗದಲ್ಲಿ, ನಾಳದ ಗೋಡೆ ನಿಧಾನವಾಗಿ ದಪ್ಪಗಾಗಿ ದಾರಿ ಮುಚ್ಚುತ್ತಾ ಬರುತ್ತದೆ. ರಕ್ತ ಸಾಲದ ಮೆದುಳು ತಾನೇ ಸಣ್ಣ ಸಣ್ಣ ನಾಳಗಳನ್ನು ಬೆಳೆಸಿಕೊಳ್ಳುತ್ತದೆ. ಈ ನಾಳಗಳು ತೀರಾ ತೆಳು. ರಕ್ತ ಸಾಲದಿದ್ದರೆ ಒಂದು ಬಗೆಯ ಲಕ್ವಾ. ಈ ತೆಳು ನಾಳ ಒಡೆದು ರಕ್ತ ಸೋರಿದರೆ ಇನ್ನೊಂದು ಬಗೆಯದು. ದೊಡ್ಡವರಲ್ಲಿ ಎರಡೂ ಬರುತ್ತವೆ.

ಜಪಾನಿನ ವೈದ್ಯರು 1957ರಲ್ಲಿ ಇದನ್ನು ಮೊದಲು ವಿವರಿಸಿದರು. 1969ರಲ್ಲಿ ಈ ಹೆಸರು ಬಂತು. ಐದರಿಂದ ಹತ್ತು ವರ್ಷದ ಮಕ್ಕಳಲ್ಲಿ ಮತ್ತು ನಲವತ್ತರ ಆಸುಪಾಸಿನವರಲ್ಲಿ ಇದು ಹೆಚ್ಚು ಕಾಣುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ. ನಮ್ಮ ಕಡೆ ಅಪರೂಪ. ಅದಕ್ಕೇ ಮೊದಲ ಸಲ ಕೈ ಜೋಮು ಹಿಡಿದು ಬಿಟ್ಟಾಗ ಯಾರೂ ಇದನ್ನು ಯೋಚಿಸುವುದಿಲ್ಲ. ಮೂವತ್ತೈದರ ಹೆಣ್ಣುಮಗಳಿಗೆ, ಬಿಪಿ ಇಲ್ಲ, ಶುಗರ್ ಇಲ್ಲ, ಆದರೂ ಲಕ್ವಾ ಬಂತು ಅಂದರೆ ಮೆದುಳಿನ ರಕ್ತನಾಳದ ಸ್ಕ್ಯಾನ್ ಆಗಲೇಬೇಕು.

ಬೈಪಾಸ್ ಅಂದ್ರೆ ಹಾರ್ಟ್ ಆಪರೇಷನ್ ಅಲ್ವಾ?

ಹೆಸರು ಒಂದೇ, ಜಾಗ ಬೇರೆ. ಬೈಪಾಸ್ ಅಂದ ಕೂಡಲೇ ಮನೆಯವರು ಜಯದೇವಕ್ಕೆ ಹೋಗಬೇಕಾ ಅಂತ ಕೇಳುತ್ತಾರೆ. ಇಲ್ಲ, ಇದನ್ನು ಮಾಡುವವರು ನರಶಸ್ತ್ರಚಿಕಿತ್ಸಕರು, ಅಂದರೆ ನ್ಯೂರೋಸರ್ಜನ್. ಎದೆಗೆ ಕೈ ಹಚ್ಚುವುದಿಲ್ಲ.

ಕಿವಿಯ ಮುಂದೆ ಬೆರಳಿಟ್ಟರೆ ಮಿಡಿಯುವ ಒಂದು ನಾಳವಿದೆ. ಅದು ನೆತ್ತಿಯ ಚರ್ಮಕ್ಕೆ ರಕ್ತ ಕೊಡುತ್ತದೆ. ಆ ನಾಳವನ್ನು ಬಿಡಿಸಿ, ತಲೆಬುರುಡೆಯಲ್ಲಿ ಕಿಟಕಿ ಮಾಡಿ, ಮೆದುಳಿನ ಮೇಲಿನ ನಾಳಕ್ಕೆ ಮೈಕ್ರೋಸ್ಕೋಪಿನ ಕೆಳಗೆ ಹೊಲಿಯುತ್ತಾರೆ. ಮೆದುಳಿನ ನಾಳದ ದಪ್ಪ ಒಂದು ಮಿಲಿಮೀಟರ್ ಆಸುಪಾಸು ಅಷ್ಟೇ. ಸುರಪುರ, ಶಹಾಪುರದ ರೈತರಿಗೆ ನಾನು ಹೀಗೆ ಹೇಳುತ್ತೇನೆ: ನಾರಾಯಣಪುರದ ಎಡದಂಡೆ ಕಾಲುವೆಯಿಂದ ನಿಮ್ಮ ಹೊಲಕ್ಕೆ ಬರುವ ತೂಬು ಹೂಳು ತುಂಬಿ ಮುಚ್ಚಿತು ಅಂದುಕೊಳ್ಳಿ. ಹೂಳು ತೆಗೆಯಲು ಆಗುವುದಿಲ್ಲ. ಪಕ್ಕದ ಹೊಲದ ಕಾಲುವೆಯಿಂದ ಸಣ್ಣ ಕವಲು ತಂದು ನಿಮ್ಮ ಹೊಲಕ್ಕೆ ನೀರು ಬಿಡುತ್ತಾರೆ. ಇಷ್ಟೇ ಬೈಪಾಸ್.

ಆಪರೇಷನ್ ಆದರೆ ಕಾಯಿಲೆ ಪೂರ್ತಿ ವಾಸಿಯಾಗುತ್ತಾ?

ಇಲ್ಲ. ಈ ಒಂದು ಮಾತು ಮನೆಯ ಎಲ್ಲರಿಗೂ ಗೊತ್ತಿರಬೇಕು. ಮುಚ್ಚಿದ ನಾಳ ತೆರೆಯುವುದಿಲ್ಲ. ಕಾಯಿಲೆ ಹಾಗೇ ಇರುತ್ತದೆ, ಕೆಲವರಲ್ಲಿ ಮುಂದುವರಿಯುತ್ತದೆ ಕೂಡ. ಬೈಪಾಸ್ ಮಾಡುವುದು ಒಂದೇ ಕೆಲಸ. ಮೆದುಳಿಗೆ ಹೊಸ ದಾರಿಯಿಂದ ರಕ್ತ ತಲುಪಿಸಿ, ಮುಂದಿನ ಲಕ್ವಾದ ಅಪಾಯವನ್ನು ಕಡಿಮೆ ಮಾಡುತ್ತದೆ. ಈಗಾಗಲೇ ಸತ್ತ ಮೆದುಳಿನ ಭಾಗವನ್ನು ಅದು ಬದುಕಿಸುವುದಿಲ್ಲ. ಹಾಗಾಗಿ ಮೊದಲೇ ಬಿದ್ದ ಕೈ ಬೈಪಾಸ್‌ನಿಂದ ಏಳಲಿಲ್ಲ ಅಂದರೆ ಆಪರೇಷನ್ ಫೇಲ್ ಆಯಿತು ಅಂತ ಅಲ್ಲ. ಕೈಗೆ ವ್ಯಾಯಾಮ ಬೇಕು, ಅದರ ದಾರಿ ಬೇರೆ.

ರಕ್ತ ಸಾಲದೆ ಲಕ್ವಾ ಬಂದವರಿಗೆ ದೀರ್ಘಕಾಲದಲ್ಲಿ ಎಷ್ಟು ಲಾಭ?

ಮೊದಲು, ಆಪರೇಷನ್ ಇಲ್ಲದಿದ್ದರೆ ಏನಾಗುತ್ತದೆ ನೋಡೋಣ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ 34 ಮಂದಿ ದೊಡ್ಡವರನ್ನು ಗಮನಿಸಿ 2006ರಲ್ಲಿ ಒಂದು ವರದಿ ಪ್ರಕಟಿಸಿದರು. ಬರೀ ಔಷಧಿಯ ಮೇಲಿದ್ದವರಲ್ಲಿ, ಒಮ್ಮೆ ತೊಂದರೆ ಕಂಡ ಬದಿಗೆ ಐದು ವರ್ಷದೊಳಗೆ ಮತ್ತೆ ಲಕ್ವಾ ಬರುವ ಅಪಾಯ ಶೇ. 65 ಅಂತ ಬಂತು. ಇದು ಸಣ್ಣ ಗುಂಪು, ತೀರಾ ತೊಂದರೆಯಾದವರೇ ಅಲ್ಲಿಗೆ ಬಂದಿದ್ದಿರಬಹುದು. ಆದ್ದರಿಂದ ಅದೇ ಅಂಕಿ ನಿಮಗೂ ಅನ್ವಯ ಅಂತ ಹೆದರಬೇಡಿ. ಆದರೆ ಸುಮ್ನೆ ಬಿಟ್ಟರೆ ತಾನೇ ಸರಿಹೋಗುವ ಕಾಯಿಲೆ ಇದಲ್ಲ ಅನ್ನುವುದಂತೂ ಸ್ಪಷ್ಟ.

ಇನ್ನು ಆಪರೇಷನ್ ಆದವರು. ಅಮೆರಿಕದ ಸ್ಟ್ಯಾನ್‌ಫರ್ಡ್ ಆಸ್ಪತ್ರೆ 2009ರಲ್ಲಿ ತನ್ನ ದೊಡ್ಡ ದಾಖಲೆ ಹೊರತಂದಿತು. 264 ರೋಗಿಗಳು, 450 ಆಪರೇಷನ್‌ಗಳು, ಸರಾಸರಿ ಐದು ವರ್ಷದ ಹತ್ತಿರ ಗಮನಿಸಿದ್ದು. ಕೆಲವರು ಮಕ್ಕಳು, ಹೆಚ್ಚಿನವರು ದೊಡ್ಡವರು. ಆಪರೇಷನ್ ಸಮಯದ ಲಕ್ವಾವನ್ನೂ ಸೇರಿಸಿ, ಐದು ವರ್ಷದಲ್ಲಿ ಲಕ್ವಾ ಅಥವಾ ಸಾವಿನ ಅಪಾಯ ಶೇ. 5.5 ಇತ್ತು. ಕೈಕಾಲು ಕ್ಷಣಹೊತ್ತು ಸೋತು ಮತ್ತೆ ಸರಿಹೋಗುವ ತೊಂದರೆ ಇದ್ದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಗೆ, ಒಂದು ವರ್ಷದ ನಂತರ ಅದು ಪೂರ್ತಿ ನಿಂತಿತ್ತು.

ಇವು ಈ ಒಂದೇ ಆಪರೇಷನ್ನಿನಲ್ಲಿ ವರ್ಷಗಟ್ಟಲೆ ಪಳಗಿದ ಕೈಗಳ ಫಲಿತಾಂಶ. ಅದಕ್ಕೇ ನನ್ನ ಸಲಹೆ: ಆಸ್ಪತ್ರೆ ಆರಿಸುವಾಗ ಕಟ್ಟಡ ನೋಡಬೇಡಿ. "ಮೊಯಾಮೊಯಾ ಬೈಪಾಸ್ ಇಲ್ಲಿ ವರ್ಷಕ್ಕೆ ಎಷ್ಟು ಮಾಡ್ತೀರಿ?" ಅಂತ ಕೇಳಿ. ಇದನ್ನು ಕೇಳುವುದರಲ್ಲಿ ಯಾವ ಸಂಕೋಚವೂ ಬೇಡ.

ರಕ್ತಸ್ರಾವ ಆದವರಿಗೆ?

ಇಲ್ಲಿ ನಮ್ಮ ಹತ್ತಿರ ಇನ್ನೂ ಗಟ್ಟಿ ಸಾಕ್ಷಿ ಇದೆ. ಜಪಾನಿನ 22 ಆಸ್ಪತ್ರೆಗಳು ಸೇರಿ ಜಾಮ್ ಅನ್ನುವ ಅಧ್ಯಯನ ನಡೆಸಿದವು. ರಕ್ತಸ್ರಾವ ಆಗಿದ್ದ 80 ಮಂದಿ ದೊಡ್ಡವರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. 42 ಮಂದಿಗೆ ಎರಡೂ ಬದಿ ನೇರ ಬೈಪಾಸ್ ಆಯಿತು, 38 ಮಂದಿ ಆಪರೇಷನ್ ಇಲ್ಲದೆ ಉಳಿದರು. ಐದು ವರ್ಷ ಕಾದರು. 2014ರಲ್ಲಿ ಫಲಿತಾಂಶ ಬಂತು. ಮತ್ತೆ ರಕ್ತಸ್ರಾವ ಆಗುವ ಅಪಾಯ ಆಪರೇಷನ್ ಆದವರಲ್ಲಿ ವರ್ಷಕ್ಕೆ ಶೇ. 2.7, ಆಗದವರಲ್ಲಿ ಶೇ. 7.6.

ಅಂಕಿಗಳನ್ನು ಎರಡೂ ಕಡೆಯಿಂದ ಓದಬೇಕು. ಅಪಾಯ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿದಿದೆ, ಆದರೆ ಸೊನ್ನೆಗೆ ಇಳಿದಿಲ್ಲ. ಗುಂಪು ಸಣ್ಣದು, ಹಾಗಾಗಿ ಈ ಲಾಭ ಬರೀ ಆಕಸ್ಮಿಕ ಅಲ್ಲ ಅಂತ ಖಚಿತವಾಗಿ ಹೇಳಲು ಬೇಕಾದ ಲೆಕ್ಕದ ಗಡಿಯ ಮೇಲೇ ಇದು ನಿಲ್ಲುತ್ತದೆ. ಇದೇ ಅಧ್ಯಯನ ಇನ್ನೊಂದು ಮುಖ್ಯ ಸಂಗತಿ ತೋರಿಸಿತು. ಮೆದುಳಿನ ಹಿಂಭಾಗದಲ್ಲಿ ರಕ್ತ ಸೋರಿದ್ದವರು ಆಪರೇಷನ್ ಇಲ್ಲದಿದ್ದರೆ ವರ್ಷಕ್ಕೆ ಶೇ. 17.1ರಷ್ಟು ಮತ್ತೆ ಸೋರುವ ಅಪಾಯದಲ್ಲಿದ್ದರು. ಮುಂಭಾಗದವರಿಗೆ ಅದು ಶೇ. 3 ಮಾತ್ರ. ಬೈಪಾಸ್‌ನ ಲಾಭ ಹೆಚ್ಚು ಕಂಡದ್ದೂ ಹಿಂಭಾಗದವರಲ್ಲೇ. ನಿಮ್ಮ ಮನೆಯವರಿಗೆ ರಕ್ತ ಸೋರಿದ್ದು ಎಲ್ಲಿ ಅಂತ ವೈದ್ಯರನ್ನು ಕೇಳಿ ಬರೆದಿಟ್ಟುಕೊಳ್ಳಿ.

ಮೆದುಳಿನ ಬೈಪಾಸ್‌ನಿಂದ ಪ್ರಯೋಜನ ಇಲ್ಲ ಅಂತ ನೆಟ್‌ನಲ್ಲಿ ಓದಿದೆವು. ಯಾವುದು ನಿಜ?

ನೀವು ಓದಿದ್ದು 1985ರ ಒಂದು ದೊಡ್ಡ ಅಧ್ಯಯನ ಅಥವಾ 2011ರ ಇನ್ನೊಂದರ ಬಗ್ಗೆ ಇರಬೇಕು. ಎರಡರಲ್ಲೂ ಬೈಪಾಸ್ ಲಾಭ ತೋರಿಸಲಿಲ್ಲ, ನಿಜ. ಆದರೆ ಅವು ಕೊಬ್ಬು ಕಟ್ಟಿ ಕ್ಯಾರೋಟಿಡ್ ಮುಚ್ಚಿದವರ ಮೇಲೆ ಮಾಡಿದವು. ಬಿಪಿ, ಶುಗರ್, ಬೀಡಿ, ವಯಸ್ಸು ಇವೆಲ್ಲ ಸೇರಿ ಬರುವ ತೊಂದರೆ ಅದು. ಮೊಯಾಮೊಯಾ ಬೇರೆಯೇ ಕಾಯಿಲೆ. ಅಲ್ಲಿನ ಫಲಿತಾಂಶ ಇಲ್ಲಿಗೆ ತಂದು ಆಪರೇಷನ್ ಬಿಡಬೇಡಿ. ಹಾಗೇ, ತೊಂದರೆ ಏನೂ ಇಲ್ಲದೆ ಸ್ಕ್ಯಾನಿನಲ್ಲಿ ಆಕಸ್ಮಿಕವಾಗಿ ಕಂಡುಬಂದವರಿಗೆಲ್ಲ ಕೂಡಲೇ ಆಪರೇಷನ್ ಬೇಕು ಅಂತಲೂ ಇಲ್ಲ. ಅಂಥವರನ್ನು ಸ್ಕ್ಯಾನ್ ಮಾಡುತ್ತಾ ಗಮನಿಸುವುದೂ ಸರಿಯಾದ ದಾರಿ.

ನೇರ ಬೈಪಾಸ್, ಪರೋಕ್ಷ ಬೈಪಾಸ್ ಅಂತಾರೆ. ಮುಂದೆ ಬಾಳಿಕೆ ಯಾವುದಕ್ಕೆ ಜಾಸ್ತಿ?

ಮೇಲೆ ಹೇಳಿದ, ನಾಳಕ್ಕೆ ನಾಳ ಹೊಲಿಯುವುದು ನೇರ ಬೈಪಾಸ್. ಆ ದಿನವೇ ರಕ್ತ ಹರಿಯುತ್ತದೆ. ಪರೋಕ್ಷದಲ್ಲಿ ಹೊಲಿಗೆ ಇಲ್ಲ. ನಾಳವನ್ನೋ ಕಿವಿಯ ಮೇಲಿನ ಸ್ನಾಯುವನ್ನೋ ಮೆದುಳಿನ ಮೇಲೆ ಹಾಸುತ್ತಾರೆ. ಅಲ್ಲಿಂದ ಹೊಸ ನಾಳಗಳು ತಾವೇ ಬೆಳೆಯಬೇಕು, ಅದಕ್ಕೆ ತಿಂಗಳುಗಳು ಬೇಕು. ಮಕ್ಕಳಲ್ಲಿ ಚೆನ್ನಾಗಿ ಬೆಳೆಯುತ್ತವೆ. ದೊಡ್ಡವರಲ್ಲಿ ಅಷ್ಟು ಭರವಸೆ ಇಲ್ಲ, ಕೆಲವರಲ್ಲಿ ಬೆಳೆಯುವುದೇ ಇಲ್ಲ. ಅದಕ್ಕೇ ದೊಡ್ಡವರಿಗೆ ನೇರ ಬೈಪಾಸ್, ಅಥವಾ ಎರಡನ್ನೂ ಸೇರಿಸಿ ಮಾಡುವುದು ಹೆಚ್ಚು. ನಾಳ ತೀರಾ ಸಣ್ಣದಿದ್ದರೆ ಪರೋಕ್ಷವೊಂದೇ ಸಾಧ್ಯ ಆಗಬಹುದು. ಚೆನ್ನಾಗಿ ಕೂತ ನೇರ ಬೈಪಾಸ್ ಬಹುಪಾಲು ಜನರಲ್ಲಿ ವರ್ಷಗಟ್ಟಲೆ ತೆರೆದೇ ಇರುತ್ತದೆ.

ಆಪರೇಷನ್ ಆದ ಮೂರನೇ ದಿನ ಮಾತು ನಿಂತುಹೋಯಿತು, ಆಮೇಲೆ ಬಂತು. ಇದು ಮುಂದೆಯೂ ಕಾಡುತ್ತಾ?

ಬಹಳ ವರ್ಷ ರಕ್ತ ಸಾಲದೆ ಇದ್ದ ಮೆದುಳಿಗೆ ಏಕಾಏಕಿ ಜೋರಾಗಿ ರಕ್ತ ಬಂದರೆ ಅದಕ್ಕೆ ಒಗ್ಗುವುದಿಲ್ಲ. ಮೊದಲ ಒಂದೆರಡು ವಾರದಲ್ಲಿ ತಲೆನೋವು, ಮಾತು ತೊದಲುವುದು, ಕೈ ಸೋಲುವುದು, ಫಿಟ್ಸ್ ಬರಬಹುದು. ದೊಡ್ಡವರಲ್ಲಿ ಇದು ಅಪರೂಪವೇನಲ್ಲ. ಹೆಚ್ಚಿನವರಲ್ಲಿ ಪೂರ್ತಿ ಇಳಿಯುತ್ತದೆ. ಅಪರೂಪಕ್ಕೆ ರಕ್ತ ಸೋರುತ್ತದೆ, ಅದಕ್ಕೇ ಆ ದಿನಗಳಲ್ಲಿ ಬಿಪಿಯನ್ನು ಅಷ್ಟು ಹುಷಾರಾಗಿ ನೋಡಿಕೊಳ್ಳುತ್ತಾರೆ. ಬೇಗ ಡಿಸ್ಚಾರ್ಜ್ ಮಾಡಿ ಅಂತ ಒತ್ತಾಯ ಮಾಡಬೇಡಿ.

ಒಂದು ಬದಿ ಆಯಿತು. ಇನ್ನೊಂದು ಬದಿ ಮಾಡಿಸಲೇಬೇಕಾ?

ಕಾಯಿಲೆ ಸಾಮಾನ್ಯವಾಗಿ ಎರಡೂ ಬದಿ ಇರುತ್ತದೆ. ಹೆಚ್ಚು ಕೆಟ್ಟ ಬದಿ ಮೊದಲು, ಸ್ವಲ್ಪ ಸಮಯ ಬಿಟ್ಟು ಇನ್ನೊಂದು. ನಾನು ನೋಡಿದ ಹಾಗೆ ದಾರಿ ತಪ್ಪುವುದು ಇಲ್ಲೇ. ಮೊದಲನೆಯದು ಆದ ಮೇಲೆ ರೋಗಿ ಓಡಾಡುತ್ತಾನೆ, ಮನೆಯವರಿಗೆ ಧೈರ್ಯ ಬರುತ್ತದೆ, ತೊಗರಿ ರಾಶಿ ಮುಗಿಯಲಿ, ಮಗಳ ಮದುವೆ ಮುಗಿಯಲಿ ಅಂತ ಎರಡನೆಯದು ಮುಂದೆ ಹೋಗುತ್ತದೆ. ಒಂದು ಬದಿಯ ಬೈಪಾಸ್ ಇನ್ನೊಂದು ಬದಿಯನ್ನು ಕಾಯುವುದಿಲ್ಲ.

ಒಂದೇ ಬದಿ ಕಾಯಿಲೆ ಇದ್ದವರಿಗೂ ಮುಂದೆ ಇನ್ನೊಂದು ಬದಿಗೆ ಹರಡಬಹುದು. ಜಪಾನಿನ 2005ರ ಒಂದು ಅಧ್ಯಯನದಲ್ಲಿ, ಸುಮಾರು ಆರು ವರ್ಷದಲ್ಲಿ ದೊಡ್ಡವರ ಪೈಕಿ ನಾಲ್ಕರಲ್ಲಿ ಒಬ್ಬರ ಹತ್ತಿರ ಹತ್ತಿರ, ಆಪರೇಷನ್ ಆಗದ ಬದಿಯಲ್ಲಿ ಕಾಯಿಲೆ ಮುಂದುವರಿದಿತ್ತು. ಮತ್ತೆ ಮತ್ತೆ ಸ್ಕ್ಯಾನ್ ಬೇಕು ಅನ್ನುವುದು ಇದಕ್ಕೇ.

ಆಸ್ಪಿರಿನ್ ಗುಳಿಗೆ ಎಷ್ಟು ವರ್ಷ?

ರಕ್ತ ಸಾಲದ ಬಗೆಯವರಿಗೆ ಹೆಚ್ಚಾಗಿ ದೀರ್ಘಕಾಲ, ಅನೇಕರಿಗೆ ಜೀವನಪೂರ್ತಿ. ರಕ್ತಸ್ರಾವ ಆದವರಿಗೆ ಕೊಡದೆಯೂ ಇರಬಹುದು. ಆದ್ದರಿಂದ ಒಬ್ಬರ ಚೀಟಿ ನೋಡಿ ಇನ್ನೊಬ್ಬರು ನುಂಗಬೇಡಿ. ಹಲ್ಲು ಕೀಳಿಸುವಾಗ, ಬೇರೆ ಆಪರೇಷನ್ ಇದ್ದಾಗ ನೀವೇ ನಿಲ್ಲಿಸಬೇಡಿ, ಕೇಳಿ ನಿಲ್ಲಿಸಿ. ಹೊಟ್ಟೆ ಉರಿಯಾದರೆ ಹೇಳಿ, ಅದಕ್ಕೆ ಬೇರೆ ಗುಳಿಗೆ ಇದೆ.

ನಮ್ಮ ಬಿಸಿಲಿನಲ್ಲಿ ಏನು ಹುಷಾರು ಬೇಕು? ಉಪವಾಸ ಮಾಡಬಹುದಾ?

ಇದು ನನಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಜಪಾನಿನ ಪುಸ್ತಕದಲ್ಲಿ ಕಲಬುರಗಿಯ ಮೇ ತಿಂಗಳ ಬಗ್ಗೆ ಬರೆದಿರುವುದಿಲ್ಲ.

ಮೊಯಾಮೊಯಾ ಇದ್ದವರ ಮೆದುಳಿಗೆ ಮೂರು ಸಂಗತಿ ಆಗಿಬರುವುದಿಲ್ಲ. ಮೈಯಲ್ಲಿ ನೀರು ಕಡಿಮೆಯಾಗುವುದು, ಬಿಪಿ ತೀರಾ ಇಳಿಯುವುದು, ಮತ್ತು ಜೋರಾಗಿ ಬೇಗ ಬೇಗ ಉಸಿರಾಡುವುದು. ಮೊದಲೆರಡರಲ್ಲಿ ರಕ್ತದ ಒತ್ತಡ ಸಾಲದೆ ಇಕ್ಕಟ್ಟಾದ ನಾಳದಿಂದ ಆಚೆ ರಕ್ತ ತಲುಪುವುದಿಲ್ಲ. ಮೂರನೆಯದರಲ್ಲಿ ರಕ್ತದಲ್ಲಿನ ಕಾರ್ಬನ್ ಡೈ ಆಕ್ಸೈಡ್ ಕಡಿಮೆಯಾಗಿ ಮೆದುಳಿನ ನಾಳಗಳು ಕುಗ್ಗುತ್ತವೆ. ಬೈಪಾಸ್ ಆದ ಮೇಲೆ ಅಪಾಯ ಕಡಿಮೆ, ಆದರೆ ಬೈಪಾಸ್‌ನ ರಕ್ತ ಮೆದುಳಿನ ಎಲ್ಲ ಭಾಗಕ್ಕೂ ಒಂದೇ ಸಮ ತಲುಪುವುದಿಲ್ಲ.

ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ತಾಪ 42, 43 ಡಿಗ್ರಿ ದಾಟುತ್ತದೆ. ಬಾಯಾರಿಕೆ ಆಗುವ ತನಕ ಕಾಯಬೇಡಿ. ನೀರು, ಮಜ್ಜಿಗೆ, ಅಂಬಲಿ ಕೈಗೆ ಸಿಗುವ ಹಾಗಿರಲಿ. ಹೊಲದ ಕೆಲಸ ಬೆಳಿಗ್ಗೆ ಬೇಗ ಮುಗಿಸಿ, ಮಧ್ಯಾಹ್ನ ನೆರಳಿನಲ್ಲಿರಿ. ಶಹಾಬಾದ್, ಚಿತ್ತಾಪುರ ಕಡೆ ಕಲ್ಲಿನ ಗಣಿಯಲ್ಲಿ ಕೆಲಸ ಮಾಡುವವರು ಬೇಸಿಗೆಯಲ್ಲಿ ಆ ಕೆಲಸ ಬಿಡುವುದೇ ಒಳ್ಳೆಯದು. ವಾಂತಿ ಭೇದಿ ಶುರುವಾದರೆ ಓಆರ್‌ಎಸ್ ಕುಡಿಯಿರಿ. ಕುಡಿದದ್ದು ನಿಲ್ಲದಿದ್ದರೆ ಕಾಯದೆ ಆಸ್ಪತ್ರೆಗೆ ಹೋಗಿ ಸಲೈನ್ ಹಾಕಿಸಿಕೊಳ್ಳಿ. ಉಳಿದವರಿಗೆ ಅದು ಎರಡು ದಿನದ ಹೊಟ್ಟೆ ಕೆಟ್ಟದ್ದು, ಇವರಿಗೆ ಲಕ್ವಾ ತರಬಲ್ಲದ್ದು.

ಸೌದೆ ಒಲೆಯನ್ನು ಊದುಗೊಳವೆಯಿಂದ ಊದುವುದು ಬೇಡ. ಬಲೂನು ಊದುವುದು, ಶಹನಾಯಿ, ತುತ್ತೂರಿ ಊದುವುದೂ ಬೇಡ. ಜೋರಾಗಿ ಬಿಕ್ಕಿ ಬಿಕ್ಕಿ ಅಳುವಾಗಲೂ ಉಸಿರು ಹೀಗೇ ಜೋರಾಗುತ್ತದೆ. ಮನೆಯಲ್ಲಿ ಸಾವಾದಾಗ ಇವರ ಪಕ್ಕದಲ್ಲಿ ಯಾರಾದರೂ ಕೂತಿರಬೇಕು. ಪ್ರಾಣಾಯಾಮ ಮಾಡುವವರು ಕಪಾಲಭಾತಿ, ಭಸ್ತ್ರಿಕಾ ಪೂರ್ತಿ ಬಿಡಬೇಕು. ನಿಧಾನದ ಉಸಿರಾಟ ತೊಂದರೆ ಇಲ್ಲ.

ಉಪವಾಸದ ಬಗ್ಗೆ ನೇರವಾಗಿ ಹೇಳುತ್ತೇನೆ. ಶ್ರಾವಣ ಸೋಮವಾರ ಅನ್ನ ಬಿಟ್ಟು ಹಣ್ಣು ಹಾಲು ತಗೊಂಡರೆ, ನೀರು ಕುಡಿಯುತ್ತಿದ್ದರೆ ಸರಿ. ನೀರೂ ಬಿಡುವ ಉಪವಾಸ ಬೇಡ. ರಂಜಾನ್ ಬೇಸಿಗೆಯಲ್ಲಿ ಬಂದಾಗ ರೋಜಾ ಬಗ್ಗೆ ಅನೇಕರು ಕಣ್ಣಲ್ಲಿ ನೀರು ತಂದುಕೊಂಡು ಕೇಳುತ್ತಾರೆ. ಕಾಯಿಲೆ ಇದ್ದವರಿಗೆ ಧರ್ಮವೇ ವಿನಾಯಿತಿ ಕೊಟ್ಟಿದೆ, ಮಸೀದಿಯ ಮೌಲಾನಾ ಅವರನ್ನು ಕೇಳಿ. ಶರಣಬಸವೇಶ್ವರ ಜಾತ್ರೆಗೆ, ಬಂದೇನವಾಜ್ ಉರುಸಿಗೆ ಖಂಡಿತ ಹೋಗಿ. ನೂಕುನುಗ್ಗಲಿನ ಹೊತ್ತು ಬಿಟ್ಟು ಹೋಗಿ, ನೀರಿನ ಬಾಟಲಿ ಜೊತೆಗಿರಲಿ.

ಬಿಪಿ ಗುಳಿಗೆ ತಿನ್ನುವವರು ಒಂದು ಮಾತು ನೆನಪಿಡಿ. ಬಿಪಿ ಜಾಸ್ತಿಯಾದರೆ ರಕ್ತ ಸೋರುವ ಭಯ, ತೀರಾ ಕಡಿಮೆಯಾದರೆ ರಕ್ತ ಸಾಲದ ಭಯ. ಊರಿನ ವೈದ್ಯರು ಹೊಸ ಬಿಪಿ ಗುಳಿಗೆ ಬರೆದರೆ, ಮೊಯಾಮೊಯಾ ಇದೆ ಅಂತ ಹೇಳಿಯೇ ತಗೊಳ್ಳಿ.

ಹೆಲ್ಮೆಟ್, ಕನ್ನಡಕ, ತಲೆಯ ಮೇಲೆ ಹೊರೆ?

ಬೈಪಾಸ್‌ಗೆ ಬಳಸಿದ ರಕ್ತನಾಳ ಕಿವಿಯ ಮುಂದೆ, ಚರ್ಮದ ಕೆಳಗೇ ಇದೆ. ಅಲ್ಲಿ ಬಿಗಿಯಾಗಿ ಏನೂ ಒತ್ತಬಾರದು. ಕನ್ನಡಕದ ಕಾಲು ಸಡಿಲ ಮಾಡಿಸಿ. ರುಮಾಲು, ಟವೆಲ್ಲು ಬಿಗಿದು ಕಟ್ಟಬೇಡಿ. ಸಿಂಬಿ ಇಟ್ಟು ಕೊಡ, ಕಟ್ಟಿಗೆ ಹೊರುವುದು ಬಿಡಿ. ಹೆಲ್ಮೆಟ್ ಬೇಡ ಅಂತಲ್ಲ, ಆ ಜಾಗ ಒತ್ತದ ಅಳತೆಯದು ಬೇಕು. ಫಿಟ್ಸ್ ಬಂದಿದ್ದರೆ ವೈದ್ಯರು ಹೇಳುವ ತನಕ ಗಾಡಿಯನ್ನೇ ಮುಟ್ಟಬೇಡಿ. ತಲೆಬುರುಡೆಗೆ ಹಾಕುವ ಪಟ್ಟಿ ಸಾಮಾನ್ಯವಾಗಿ ಟೈಟಾನಿಯಂನದು, ಅದರಿಂದ ಎಂಆರ್‌ಐಗೆ ಅಡ್ಡಿಯಿಲ್ಲ.

ಕೈಕಾಲು ಸರಿ ಇದೆ. ಆದರೂ ಮರೆವು, ಸಿಟ್ಟು, ತಲೆನೋವು. ಯಾಕೆ?

ಇದು ಹೊರಗಿನವರ ಕಣ್ಣಿಗೆ ಬೀಳದ ನೋವು. ಮೆದುಳಿನ ಮುಂಭಾಗಕ್ಕೆ ವರ್ಷಗಟ್ಟಲೆ ರಕ್ತ ಸಾಲದೆ ಇದ್ದರೆ, ದೊಡ್ಡ ಲಕ್ವಾ ಬರದಿದ್ದರೂ ಯೋಚನೆಯ ಕೆಲಸಗಳು ಕುಂಟುತ್ತವೆ. ಎರಡು ಕೆಲಸ ಒಟ್ಟಿಗೆ ಹಿಡಿಯಲು ಆಗುವುದಿಲ್ಲ. ಲೆಕ್ಕ ತಪ್ಪುತ್ತದೆ. ಶುರು ಮಾಡಿದ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಮನೆಯವರು "ಸೋಮಾರಿ ಆಗಿದ್ದಾಳೆ" ಅನ್ನುತ್ತಾರೆ. ಆ ಮಾತು ದಯವಿಟ್ಟು ಆಡಬೇಡಿ.

ಬೈಪಾಸ್ ಕೆಲವರಲ್ಲಿ ಇದನ್ನು ಸುಧಾರಿಸುತ್ತದೆ, ಹಲವರಲ್ಲಿ ಇದ್ದಲ್ಲೇ ನಿಲ್ಲಿಸುತ್ತದೆ. ಎಲ್ಲರಿಗೂ ಮೊದಲಿನ ಚುರುಕು ಮರಳುತ್ತದೆ ಅಂತ ಮಾತು ಕೊಡಲಾಗದು. ಆಪರೇಷನ್‌ಗೆ ಮೊದಲೊಮ್ಮೆ, ಆಮೇಲೊಮ್ಮೆ ನೆನಪಿನ ಶಕ್ತಿಯ ಪರೀಕ್ಷೆ ಮಾಡಿಸಿದರೆ ಹೋಲಿಸಿ ನೋಡಬಹುದು. ನಿಮ್ಹಾನ್ಸ್‌ನಂಥ ಕಡೆ ಇದಕ್ಕೇ ಬೇರೆ ವಿಭಾಗ ಇದೆ. ಮಂಕು, ನಿದ್ದೆಗೇಡು, ಬದುಕು ಬೇಡ ಅನ್ನಿಸುವುದು ಇದ್ದರೆ ಮನೋವೈದ್ಯರ ಹತ್ತಿರ ಹೋಗಿ. ಲಕ್ವಾ ಆದವರಲ್ಲಿ ಖಿನ್ನತೆ ತುಂಬಾ ಸಾಮಾನ್ಯ, ಅದಕ್ಕೆ ಔಷಧಿ ಇದೆ. ತಲೆನೋವು ಹೆಚ್ಚಿನವರಲ್ಲಿ ಕಡಿಮೆಯಾಗುತ್ತದೆ, ಕೆಲವರಲ್ಲಿ ಉಳಿಯುತ್ತದೆ. ಮೈಗ್ರೇನಿಗೆ ಕೊಡುವ ಕೆಲವು ಗುಳಿಗೆ ನಾಳ ಕುಗ್ಗಿಸುತ್ತವೆ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ತರಬೇಡಿ.

ಮತ್ತೆ ಕೆಲಸಕ್ಕೆ ಹೋಗಬಹುದಾ? ಫಿಜಿಯೋ ಎಷ್ಟು ದಿನ?

ತುಂಬ ಜನ ಹೋಗುತ್ತಾರೆ. ಆಪರೇಷನ್‌ಗೆ ಮೊದಲು ಮೆದುಳಿಗೆ ಎಷ್ಟು ಪೆಟ್ಟಾಗಿತ್ತು ಅನ್ನುವುದರ ಮೇಲೆ ಅದು ನಿಂತಿದೆ. ಬೇಗ ಗೊತ್ತಾಗಿ, ಲಕ್ವಾ ಕೂರುವ ಮೊದಲೇ ಬೈಪಾಸ್ ಆದವರಲ್ಲಿ ಹಲವರು ಮೊದಲಿನ ಹಾಗೇ ಬದುಕುತ್ತಾರೆ.

ಕೈ ಬಿದ್ದವರಿಗೆ ಮೊದಲ ಆರು ತಿಂಗಳು ಬಂಗಾರದಂಥವು. ಆದರೆ ಆರು ತಿಂಗಳಾಯಿತು, ಇನ್ನು ಬರುವುದಿಲ್ಲ ಅನ್ನುವುದು ಸುಳ್ಳು. ವರ್ಷದ ಮೇಲೂ ಸುಧಾರಣೆ ಆಗುತ್ತದೆ. ನಾನು ಹೆಣ್ಣುಮಕ್ಕಳಿಗೆ ರೊಟ್ಟಿ ಬಡಿಯಲು ಹೇಳುತ್ತೇನೆ. ಎರಡೂ ಕೈ ಬೇಕು, ತಾಳ ಬೇಕು, ತಿರುಗಿಸಬೇಕು. ನಮ್ಮ ಕ್ಲಿನಿಕ್ಕಿನ ಯಾವ ಸಲಕರಣೆಯೂ ಇಷ್ಟು ಕೆಲಸ ಮಾಡುವುದಿಲ್ಲ. ಮೊದಲು ತಣ್ಣನೆ ಹಿಟ್ಟಿನಲ್ಲಿ, ಒಲೆಯಿಂದ ದೂರ ಕೂತು. ಕೈಗೆ ಸ್ಪರ್ಶ ಪೂರ್ತಿ ಮರಳುವ ತನಕ ಹಂಚಿನ ಹತ್ತಿರ ಬೇಡ, ಸುಟ್ಟರೂ ಗೊತ್ತಾಗುವುದಿಲ್ಲ. ಗಂಡಸರಿಗೆ ಹಗ್ಗ ಹೊಸೆಯುವುದು, ತೊಗರಿ ಕೇರುವುದು, ಅಂಗಿಯ ಗುಂಡಿ ಹಾಕುವುದು. ಎಲ್ಲ ಕೆಲಸ ಮನೆಯವರೇ ಮಾಡಿಕೊಟ್ಟರೆ ಕೈ ಏಳುವುದಿಲ್ಲ.

ದೌರ್ಬಲ್ಯ ಉಳಿದವರು ಅಂಗವಿಕಲರ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ. ಜಿಲ್ಲಾ ಆಸ್ಪತ್ರೆಯಲ್ಲಿ ಪರೀಕ್ಷೆ ಆಗುತ್ತದೆ.

ಬೈಪಾಸ್ ಆದವಳು ತಾಯಿಯಾಗಬಹುದಾ?

ಆಗಬಹುದು. ಅನೇಕರು ಆಗಿದ್ದಾರೆ. ಆದರೆ ಮೊದಲೇ ಯೋಚಿಸಿ ಆಗಬೇಕು. ಬಸುರಿಯಲ್ಲಿ ಬಿಪಿ ಏರಬಹುದು, ಹೆರಿಗೆ ನೋವಿನಲ್ಲಿ ಉಸಿರು ಜೋರಾಗುತ್ತದೆ. ಎರಡೂ ಈ ಕಾಯಿಲೆಗೆ ಒಳ್ಳೆಯದಲ್ಲ. ಹೆರಿಗೆ ವೈದ್ಯರು, ನರರೋಗ ವೈದ್ಯರು, ಅರಿವಳಿಕೆ ವೈದ್ಯರು ಮೂವರೂ ಇರುವ ದೊಡ್ಡ ಆಸ್ಪತ್ರೆಯಲ್ಲೇ ಹೆರಿಗೆ ಆಗಬೇಕು. ಚೊಚ್ಚಲು ತವರಿನಲ್ಲೇ ಆಗಲಿ ಅನ್ನುವ ಆಸೆ ನಮ್ಮಲ್ಲಿ ಇದೆ. ತವರು ಔರಾದ್ ತಾಲೂಕಿನ ಹಳ್ಳಿಯಾದರೆ, ಸೀಮಂತ ಅಲ್ಲಿ ಮಾಡಿ, ಹೆರಿಗೆ ಅಲ್ಲಿ ಬೇಡ. ಗರ್ಭ ತಡೆಯಲು ಈಸ್ಟ್ರೋಜನ್ ಇರುವ ಗುಳಿಗೆ ಬೇಡ, ಅದು ರಕ್ತ ಹೆಪ್ಪುಗಟ್ಟಿಸಬಹುದು. ಬೇರೆ ದಾರಿಗಳಿವೆ, ಕೇಳಿ.

ಮಕ್ಕಳಿಗೆ ಬರುತ್ತಾ ಅಂತಲೂ ಕೇಳುತ್ತಾರೆ. ಜಪಾನಿನಲ್ಲಿ ನೂರರಲ್ಲಿ ಹತ್ತು ಹದಿನೈದು ರೋಗಿಗಳ ಕುಟುಂಬದಲ್ಲಿ ಇನ್ನೊಬ್ಬರಿಗೂ ಇರುತ್ತದೆ. ಹೆಚ್ಚಿನವರ ಮನೆಯಲ್ಲಿ ಇನ್ಯಾರಿಗೂ ಇರುವುದಿಲ್ಲ. ಒಡಹುಟ್ಟಿದವರಿಗೋ ಮಕ್ಕಳಿಗೋ ಪದೇ ಪದೇ ತಲೆನೋವು, ಕೈ ಸೋಲುವುದು ಇದ್ದರೆ ಎಂಆರ್‌ಐ ಮಾಡಿಸಿ.

ಫಾಲೋಅಪ್‌ಗೆ ಅಷ್ಟು ದೂರ ಎಷ್ಟು ಸಲ ಹೋಗಬೇಕು?

ಸಾಮಾನ್ಯವಾಗಿ ಆಪರೇಷನ್ ಆಗಿ ಮೂರರಿಂದ ಆರು ತಿಂಗಳಾದಾಗ ಒಮ್ಮೆ, ಒಂದು ವರ್ಷವಾದಾಗ ಇನ್ನೊಮ್ಮೆ, ಆಮೇಲೆ ವೈದ್ಯರು ಹೇಳಿದಂತೆ ವರ್ಷವರ್ಷ ಅಥವಾ ಸ್ವಲ್ಪ ಬಿಟ್ಟು. ಬೀದರ್‌ನವರಿಗೆ ಹೈದರಾಬಾದ್ ಹತ್ತಿರ. ಕಲಬುರಗಿ, ಯಾದಗಿರಿಯವರು ರಾತ್ರಿ ರೈಲಿನಲ್ಲಿ ಬೆಂಗಳೂರಿಗೂ ಹೋಗುತ್ತಾರೆ. ಪ್ರತಿ ಸಲ ಅಷ್ಟು ದೂರ ಬೇಕಿಲ್ಲ. ಎಂಆರ್‌ಐ ಮತ್ತು ರಕ್ತನಾಳದ ಎಂಆರ್‌ಎ ಕಲಬುರಗಿಯಲ್ಲೇ ಆಗುತ್ತದೆ. ಮಾಡಿಸಿ, ಸಿ.ಡಿ.ಯನ್ನು ಸರ್ಜನ್‌ಗೆ ತೋರಿಸಬಹುದಾ ಅಂತ ಡಿಸ್ಚಾರ್ಜ್ ದಿನವೇ ಕೇಳಿಟ್ಟುಕೊಳ್ಳಿ. ಹಳೆಯ ಫಿಲ್ಮು, ಸಿ.ಡಿ. ಎಸೆಯಬೇಡಿ. ಹೊಸದನ್ನು ಹಳೆಯದರ ಜೊತೆ ಇಟ್ಟು ನೋಡಿದರೆ ಮಾತ್ರ ಕಾಯಿಲೆ ಮುಂದುವರಿದಿದೆಯಾ ಅಂತ ತಿಳಿಯುವುದು. ಹೊಸ ಜಾಗಕ್ಕೆ ರಕ್ತ ಸಾಲದಿದ್ದರೆ ಇನ್ನೊಂದು ಬೈಪಾಸ್ ಮಾಡಲೂ ಆಗುತ್ತದೆ.

ಖರ್ಚಿಗೆ ಸರ್ಕಾರದ ನೆರವು?

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30 ಸಿಗುತ್ತದೆ. ಮೊದಲು ಕಲಬುರಗಿಯ ಜಿಮ್ಸ್, ಬೀದರ್‌ನ ಬ್ರಿಮ್ಸ್ ಅಥವಾ ಯಾದಗಿರಿಯ ಸರ್ಕಾರಿ ಆಸ್ಪತ್ರೆಗೆ ಹೋಗಿ, ರೆಫರಲ್ ಬೇಕಾ ಅಂತ ಈ ಯೋಜನೆಯ ನೆರವಿಗೆ ಅಲ್ಲಿರುವ ಆರೋಗ್ಯಮಿತ್ರರನ್ನು ಕೇಳಿ. ಹೈದರಾಬಾದಿಗೆ ಹೋಗುವವರು, ನಮ್ಮ ಕಾರ್ಡು ಆ ಆಸ್ಪತ್ರೆಯಲ್ಲಿ ನಡೆಯುತ್ತದಾ ಅಂತ ಫೋನಿನಲ್ಲೇ ವಿಚಾರಿಸಿ ಹೊರಡಿ.

ವರ್ಷಗಳ ನಂತರ ಮತ್ತೆ ಬಾಯಿ ವಾರೆಯಾದರೆ, ಕೈ ಸೋತರೆ ಏನು ಮಾಡಬೇಕು?

108ಕ್ಕೆ ಫೋನ್ ಮಾಡಿ. ಎರಡು ನಿಮಿಷದಲ್ಲಿ ಸರಿಹೋದರೂ ಆಸ್ಪತ್ರೆಗೆ ಹೋಗಿ. ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಬೇಕು. ಲಕ್ವಾಕ್ಕೆ ನಾಟಿ ಔಷಧ, ಪಾರಿವಾಳದ ರಕ್ತ ಅಂತ ಹಳ್ಳಿಯಿಂದ ಹಳ್ಳಿಗೆ ಅಲೆದರೆ ಮೆದುಳು ಉಳಿಸುವ ಹೊತ್ತು ಹೋಗಿಬಿಡುತ್ತದೆ. ಬಾಯಿಗೆ ನೀರು, ಊಟ, ಗುಳಿಗೆ ಏನೂ ಹಾಕಬೇಡಿ. ಆಸ್ಪಿರಿನ್ ಕೂಡ ಬೇಡ. ರಕ್ತ ಸಾಲದೆ ಆದದ್ದಾ, ಸೋರಿದ್ದಾ ಅಂತ ಸ್ಕ್ಯಾನ್ ಆಗದೆ ಯಾರಿಗೂ ಹೇಳಲು ಬರುವುದಿಲ್ಲ.

ರಾತ್ರಿ ಪಾಳಿಯ ವೈದ್ಯರು ಮೊಯಾಮೊಯಾ ರೋಗಿಯನ್ನು ಎಂದೂ ನೋಡಿರದೆ ಇರಬಹುದು. ಅದಕ್ಕೆ ಒಂದು ಚೀಟಿ ಬರೆದು ಪ್ಲಾಸ್ಟಿಕ್ ಹಾಕಿಸಿ ಪರ್ಸಿನಲ್ಲಿಡಿ. ಅದರಲ್ಲಿ ಇಷ್ಟು ಇರಲಿ: ಮೊಯಾಮೊಯಾ ಕಾಯಿಲೆ ಇದೆ. ಯಾವ ಬದಿಗೆ, ಯಾವ ವರ್ಷ, ಯಾವ ಬಗೆಯ ಬೈಪಾಸ್ ಆಗಿದೆ. ಮೊದಲು ಆದದ್ದು ರಕ್ತ ಸಾಲದ ಲಕ್ವಾವೋ, ರಕ್ತಸ್ರಾವವೋ. ಈಗ ತಿನ್ನುತ್ತಿರುವ ಗುಳಿಗೆಗಳು. ಬಿಪಿಯನ್ನು ಏಕಾಏಕಿ ಇಳಿಸಬಾರದು, ಮೈಯಲ್ಲಿ ನೀರು ಕಡಿಮೆ ಆಗಬಾರದು. ಆಪರೇಷನ್ ಮಾಡಿದ ಆಸ್ಪತ್ರೆಯ ಫೋನ್ ನಂಬರ್. ಚೀಟಿಯ ಫೋಟೋ ಮನೆಯವರೆಲ್ಲರ ಮೊಬೈಲಿನಲ್ಲೂ ಇರಲಿ. ತೊಂದರೆ ಶುರುವಾದದ್ದು ಎಷ್ಟು ಗಂಟೆಗೆ, ಅದಕ್ಕೆ ಮೊದಲು ಕೊನೆಯ ಸಲ ಸರಿಯಾಗಿದ್ದದ್ದು ಯಾವಾಗ ಅಂತ ಆ ಕ್ಷಣವೇ ಗಡಿಯಾರ ನೋಡಿ ಗುರುತು ಹಾಕಿಕೊಳ್ಳಿ. ಆಸ್ಪತ್ರೆಯಲ್ಲಿ ವೈದ್ಯರು ಮೊದಲು ಕೇಳುವುದು ಅದನ್ನೇ.